ತಾಮ್ರದ ಬಂಬ, ಬೀಡಿನ ಶೇಗಡಿ

ಸ್ನಾನದ ನೀರು ಕಾಸುವ ಹಳೆಯ ಬಂಬ ಕೊಳ್ಳಲು ಬಂದವರಲ್ಲಿ ಹೆಚ್ಚಿನವರು ಮೊದಲು ಅದರ ಹೊಟ್ಟೆಯ ಮೇಲೆ ಕೈಯಾಡಿಸುತ್ತಾರೆ. ಬಲ್ಲವರು ಮುಚ್ಚಳ ತೆಗೆದು, ಕತ್ತು ಬಗ್ಗಿಸಿ, ನಡುವಿನ ನಳಿಗೆಯೊಳಗೆ ಇಣುಕುತ್ತಾರೆ. ಅಂಗಡಿಯವನಿಗೆ ಅಷ್ಟರಲ್ಲೇ ಗಿರಾಕಿಯ ಕುಲಗೋತ್ರ ತಿಳಿದುಬಿಡುತ್ತದೆ. "ಹೊರಗಿನ ತಾಂಬ್ರ ಯಾವಾಗ ಬೇಕಾದ್ರೂ ಹೊಳಿತೈತ್ರಿ, ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಮುಗೀತು. ನಳಿಗಿ ಹೋಗಿದ್ರ ಬಂಬ ಹೋದಂಗ" ಎನ್ನುತ್ತ ಅವನೇ ಮೊಬೈಲಿನ ದೀಪ ಹಚ್ಚಿ ಒಳಗೆ ಹಿಡಿಯುತ್ತಾನೆ.

ಬೆಳಗಾವಿಯ ಹಳೆ ಪೇಟೆಯಲ್ಲಿ, ಬೋಗಾರ್‌ವೇಸಿನಿಂದ ಖಡೇಬಜಾರಿನ ಕಡೆಗೆ ನಡೆದು ಗಲ್ಲಿಗಳೊಳಗೆ ಹೊಕ್ಕರೆ ಇಂಥ ಅಂಗಡಿಗಳು ಕಣ್ಣಿಗೆ ಬೀಳುತ್ತವೆ. ದೀಪಾವಳಿ ಹತ್ತಿರ ಬಂದಂತೆ ಅಲ್ಲಿ ತಾಮ್ರ-ಹಿತ್ತಾಳೆಯ ಸುಗ್ಗಿ. ಸುಣ್ಣ ಬಣ್ಣಕ್ಕೆಂದು ಅಟ್ಟ ಖಾಲಿ ಮಾಡಿದವರು, ಹಳೆಯ ವಾಡೆ ಕೆಡವಿ ಫ್ಲ್ಯಾಟು ಕಟ್ಟಿಸುತ್ತಿರುವವರು, ಅಣ್ಣತಮ್ಮಂದಿರು ಪಾಲಾದಮೇಲೆ ಯಾರಿಗೂ ಬೇಡವಾದ ಹಂಡೆ ಕೊಡಗಳನ್ನು ರಿಕ್ಷಾದಲ್ಲಿ ಹೇರಿಕೊಂಡು ಬಂದವರು. ತಕ್ಕಡಿಯ ಪಕ್ಕದಲ್ಲಿ ಬಂಬಗಳು ಸಾಲಾಗಿ ನಿಲ್ಲುತ್ತವೆ: ಸೊಂಟದೆತ್ತರದ ತಾಮ್ರದ ಸಿಲಿಂಡರು, ಅದರ ಅಡಿಗೆ ಮೂರು ಗಿಡ್ಡ ಕಾಲು, ಎರಡು ಮಗ್ಗುಲಲ್ಲಿ ಹಿತ್ತಾಳೆಯ ಹಿಡಿ, ಬುಡದ ಹತ್ತಿರ ಒಂದು ನಲ್ಲಿ, ಮೇಲೆ ನೀರು ಹೊಯ್ಯುವ ಬಾಯಿ. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಹೆಸರು, ಕೆಲವದರ ಮೇಲೆ ಕನ್ನಡದಲ್ಲಿ, ಕೆಲವದರ ಮೇಲೆ ಮರಾಠಿಯಲ್ಲಿ. ಇವು ಮಾರಾಟವಾಗುವುದು ತೂಕದ ಮೇಲೆ. ಒಂದು ವಾರದಲ್ಲಿ ಕೊಳ್ಳುವವರು ಬಾರದಿದ್ದರೆ ಉಳಿ ಸುತ್ತಿಗೆಯಿಂದ ಎರಡು ಹೋಳಾಗಿ, ಚಪ್ಪಟೆಯಾಗಿ, ಕರಗುವ ತಾಮ್ರದ ಗುಡ್ಡೆ ಸೇರುತ್ತವೆ. ಅದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ನೂರು ಚಳಿಗಾಲ ನೀರು ಕಾಸಬಲ್ಲ ಪಾತ್ರೆಯನ್ನು ಬರೀ ಲೋಹವಾಗಿ ಕಾಣುವುದು ಈ ಊರಿಗೆ ತಕ್ಕದ್ದಲ್ಲ. ಅದನ್ನು ಮತ್ತೆ ಉರಿಸಲು ಬೇಕಾದ ಕೈಗಳೆಲ್ಲ ಇಲ್ಲಿಂದ ಖಾನಾಪುರದವರೆಗಿನ 26 ಕಿಲೋಮೀಟರ್ ರಸ್ತೆಯ ಆಚೀಚೆಯೇ ಇವೆ.

ಈ ಸೀಮೆಗೆ ಬೆಂಕಿಯ ಅಗತ್ಯ ಎರಡು ಬಗೆಯದು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್-ಜನವರಿಯ ಬೆಳಗು ಕಿವಿ ಕಚ್ಚುವಷ್ಟು ತಣ್ಣಗಿರುತ್ತದೆ. ಖಾನಾಪುರದ ಕಡೆ ಹೋದರೆ ಚಳಿಗಿಂತ ಹಸಿಯೇ ದೊಡ್ಡ ಶತ್ರು. ಮಲಪ್ರಭೆ ಹುಟ್ಟುವ ಕಣಕುಂಬಿ, ಭೀಮಗಡದ ಕಾಡಿನ ಅಂಚಿನ ಹಳ್ಳಿಗಳು, 2010ರಲ್ಲಿ 10,000 ಮಿಲಿಮೀಟರ್ ದಾಟಿ ಮಳೆ ಸುರಿದ ಆಮಗಾಂವ ಇವೆಲ್ಲ ಇದೇ ತಾಲ್ಲೂಕಿನವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಬಟ್ಟೆ ಒಣಗುವುದಿಲ್ಲ, ಹಾಸಿಗೆಗೆ ಬೂಸಲು ವಾಸನೆ ಹತ್ತುತ್ತದೆ. ಅಲ್ಲಿ ಶೇಗಡಿಯ, ಅಂದರೆ ಕೆಂಡದ ಒಲೆಯ, ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ ಕೂಸಿನ ಬಟ್ಟೆ ಒಣಗಿಸುತ್ತಿದ್ದರು. ಬಾಣಂತಿ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡದ ಶೇಗಡಿ, ಮೇಲೆ ಉದುರಿಸಿದ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ. ನಮ್ಮ ಕಡೆ ಮನೆ ಕಾಸುವುದೆಂದರೆ ಇಡೀ ಮನೆಯಲ್ಲ, ಒಂದು ಬಚ್ಚಲು, ಒಂದು ಹೊರಸು, ಒಂದು ಬುಟ್ಟಿ ಬಟ್ಟೆ.

ಬಂಬದ ಕೆಲಸ ನೋಡಲು ಸರಳ. ಹೊರಗಿನ ಸಿಲಿಂಡರಿನ ನಟ್ಟನಡುವೆ ಬುಡದಿಂದ ತುದಿಯವರೆಗೆ ಒಂದು ಕೊಳವೆ, ಅದೇ ನಳಿಗೆ. ಕೊಳವೆಯ ಸುತ್ತ ನೀರು, ಒಳಗೆ ಬೆಂಕಿ. ಕೆಳಗಿನ ಜಾಳಿಗೆಯ ಮೇಲೆ ಕೆಂಡ ಕೂರುತ್ತದೆ, ಬೂದಿ ಸಂದಿಯಲ್ಲಿ ಉದುರುತ್ತದೆ, ಗಾಳಿ ಅದೇ ಸಂದಿಯಿಂದ ಮೇಲೇರುತ್ತದೆ. ಉರುವಲನ್ನು ತುದಿಯ ಬಾಯಿಂದಲೇ ಹಾಕುವುದು: ಇದ್ದಿಲು, ತೆಂಗಿನ ಕರಟ, ಒಡೆದ ಕಟ್ಟಿಗೆ, ಗೋವಿನಜೋಳದ ಬೆಂಡು. ರಷ್ಯನ್ನರ ಸಮೋವಾರಿನಲ್ಲೂ ಇದೇ ಉಪಾಯ. ಬೆಂಕಿ ನಾಲ್ಕೂ ಕಡೆಯಿಂದ ನೀರಿನ ಅಪ್ಪುಗೆಯಲ್ಲಿರುವುದರಿಂದ ಶಾಖ ಹೊರಗೆ ಪೋಲಾಗುವುದು ಕಡಿಮೆ. ಮೂರು ಕಲ್ಲಿನ ಒಲೆಯ ಮೇಲೆ ಹಂಡೆ ಇಟ್ಟು ಕಾಸುವವರಿಗಿಂತ ಬಂಬದವರು ಕಟ್ಟಿಗೆ ಉಳಿಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ಮುಂದೆ ಅಸ್ತ್ರ ಒಲೆ ರೂಪಿಸಿದಾಗಲೂ ಜಾಳಿಗೆ, ಗಾಳಿಯ ದಾರಿ, ಹೊಗೆಗೂಡು ಈ ಮೂರನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

ಬಂಬದ ಕೊಳವೆಯ ಆರೋಗ್ಯ ನೋಡುವ ಬಗೆ ಹೀಗೆ. ದೀಪ ಹಿಡಿದಾಗ ಒಳಗೋಡೆ ಸಮನಾಗಿ ಕಪ್ಪಗಿದ್ದರೆ ಒಳ್ಳೆಯದು. ಎಲ್ಲಾದರೂ ಹಸಿರು ಕಿಲುಬಿನ ಗೆರೆ ಇಳಿದಿದ್ದರೆ ಅಲ್ಲಿ ನೀರು ಜಿನುಗುತ್ತಿತ್ತೆಂದು ಅರ್ಥ. ಬಳಿಕ ಬೆಸುಗೆಯ ಬಣ್ಣ ನೋಡಬೇಕು. ಹಳದಿ ಗೆರೆ ಕಂಡರೆ ಹಿತ್ತಾಳೆಯ ಬೆಸುಗೆ, ಕಂಚುಗಾರ ಕುಲುಮೆಯಲ್ಲಿಟ್ಟು ಮಾಡಿದ್ದು, ನಂಬಬಹುದು. ಬೂದು ಬಣ್ಣದ ದಪ್ಪ ಕಲೆ ಕಂಡರೆ ಯಾರೋ ಅವಸರಕ್ಕೆ ಸೀಸ-ತವರ ಬಳಿದಿದ್ದಾರೆ. ಆ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತ ಕರಗಲು ಶುರುವಾಗುತ್ತದೆ. ಆಚೆ ನೀರಿರುವವರೆಗೆ ಅದಕ್ಕೆ ಅಪಾಯವಿಲ್ಲ, ನೀರು ತಾಮ್ರವನ್ನು 100 ಡಿಗ್ರಿಯ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ನೀರು ಹಾಕದೆ ಬೆಂಕಿ ಹಾಕಿದ ದಿನ ಬೆಸುಗೆ ಹನಿಹನಿಯಾಗಿ ಕೆಂಡಕ್ಕೆ ಬೀಳುತ್ತದೆ. "ಮೊದಲ ನೀರು, ಆಮ್ಯಾಲ ಬೆಂಕಿ" ಎಂದು ಹಿರಿಯರು ಮನೆಗೆ ಬಂದ ಹೊಸ ಸೊಸೆಗೆ ಮೊದಲ ದಿನವೇ ಹೇಳುತ್ತಿದ್ದುದು ಇದಕ್ಕೇ.

ಬಂಬದ ನೀರಿನ ಕಡೆಯ ಗೋಡೆಯನ್ನು ಬೆರಳಿನಿಂದ ತಡವಿ ನೋಡುವುದೂ ಒಳ್ಳೆಯದು. ಬೋರಿನ ಗಡಸು ನೀರು ವರ್ಷಗಟ್ಟಲೆ ಕಾದಿದ್ದರೆ ಸುಣ್ಣದ ಪದರ ಬೆಳೆದಿರುತ್ತದೆ. ಅದು ಶಾಖವನ್ನು ನೀರಿಗೆ ಮುಟ್ಟಗೊಡುವುದಿಲ್ಲ, ಕೊಳವೆ ಒಳಗೊಳಗೇ ಸುಡುತ್ತದೆ. ಹುಣಸೆನೀರಿನಲ್ಲಿ ನೆನೆಸಿಟ್ಟರೆ ತೆಳು ಪದರ ಬಿಡುತ್ತದೆ; ಬೆರಳಿನ ದಪ್ಪ ಕಟ್ಟಿದ್ದರೆ ಆ ಬಂಬವನ್ನು ಬಿಟ್ಟು ಮುಂದಿನದನ್ನು ನೋಡುವುದು ಲೇಸು. ನಲ್ಲಿ ಸೋರುವುದು, ಕಾಲು ಮುರಿದಿರುವುದು, ಹೊಟ್ಟೆ ತಗ್ಗಿರುವುದು ಯಾವುದೂ ದೊಡ್ಡ ಕುಂದಲ್ಲ. ಮಾರುವವರು ಇವನ್ನೇ ಮುಂದಿಟ್ಟು ಬೆಲೆ ಇಳಿಸುವಂತೆ ಮಾಡಿ ನಿಮ್ಮನ್ನು ಖುಷಿಪಡಿಸುತ್ತಾರೆ, ಅಷ್ಟರಲ್ಲಿ ಕೊಳವೆ ಮರೆತುಹೋಗಿರುತ್ತದೆ. ಇನ್ನೊಂದು ಮಾತು: ನೀರು ಹೊಯ್ಯುವ ಬಾಯಿಗೆ ಬಿಗಿಯಾದ ತಿರುಪಿನ ಮುಚ್ಚಳ ಯಾರಾದರೂ ಮಾಡಿಸಿದ್ದರೆ ಅದನ್ನು ತೆಗೆಸಿಯೇ ಬಳಸಬೇಕು. ಉಗಿಗೆ ಹೊರದಾರಿ ಇರಲೇಬೇಕು.

ಬಂಬಗಳ ಹಿಂದೆ, ಮಬ್ಬಿನಲ್ಲಿ, ಶೇಗಡಿಗಳ ರಾಶಿ. ಇವುಗಳತ್ತ ನೋಡುವವರು ಕಡಿಮೆ. ತಗಡಿನ ಬಕೆಟ್ಟಿಗೆ ಒಳಗೆ ಮಣ್ಣು ಮೆತ್ತಿ ಮಾಡಿದವು ಎಲ್ಲಕ್ಕಿಂತ ಹೆಚ್ಚು. ತಗಡು ತುಕ್ಕು ತಿಂದಿರುತ್ತದೆ, ಅವುಗಳಲ್ಲಿ ಜೀರ್ಣೋದ್ಧಾರ ಮಾಡುವಂಥದ್ದೇನೂ ಉಳಿದಿರುವುದಿಲ್ಲ. ಹುಡುಕಬೇಕಾದ್ದು ಬೀಡಿನ ಶೇಗಡಿ. ಬೀಡುಕಬ್ಬಿಣದಲ್ಲಿ ಎರಕ ಹೊಯ್ದ, ಗುಂಡಗಿನ ಅಥವಾ ಚೌಕದ, ಬೂದಿಬಾಗಿಲಿಗೆ ಹೂಬಳ್ಳಿ ಮೂಡಿಸಿದ, ಇಬ್ಬರು ಹಿಡಿದರೂ ಉಸ್ಸೆನ್ನುವ ತೂಕದ ಶೇಗಡಿ. ಅದಕ್ಕೆ ಹೊಗೆಗೊಳವೆ ಸಿಕ್ಕಿಸುವ ಕೊರಳು ಇದ್ದರೆ ನಿಮ್ಮ ಅದೃಷ್ಟ ದೊಡ್ಡದು.

ಬೀಡು ಒಡೆಯುವುದು ಬಾಗದೆ, ಸದ್ದಿಲ್ಲದೆ. ಕಾದ ಮೈಮೇಲೆ ಒಂದು ತಂಬಿಗೆ ತಣ್ಣೀರು ಬಿದ್ದರೆ ಸಾಕು, ಕೂದಲೆಳೆಯ ಬಿರುಕು ಓಡುತ್ತದೆ. ಆ ಬಿರುಕಿನ ಮೇಲೆ ಮಸಿ ಕೂತಮೇಲೆ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೇ ಕಿವಿಯಿಂದ ನೋಡಬೇಕು. ಹಲಗೆಯನ್ನು ಬಿಡಿಸಿ, ಹಗ್ಗದಲ್ಲಿ ತೂಗಿ, ಮರದ ಹಿಡಿಯಿಂದ ಮೆಲ್ಲಗೆ ಬಡಿದರೆ ಗಟ್ಟಿ ಬೀಡು ಗುಡಿಯ ಗಂಟೆಯಂತೆ ಎಳೆದು ನಾದ ಕೊಡುತ್ತದೆ. ಬಿರುಕಿದ್ದುದು ಡಬ್ ಎಂದು ಸತ್ತುಹೋಗುತ್ತದೆ. ಅನುಮಾನ ಉಳಿದರೆ ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು, ಒಣ ಬಟ್ಟೆಯಿಂದ ಪೂರ್ತಿ ಉಜ್ಜಿ ತೆಗೆದು, ಮೇಲೆ ಸೀಮೆಸುಣ್ಣದ ಪುಡಿ ಉದುರಿಸುವುದು. ಬಿರುಕಿನೊಳಗೆ ಅಡಗಿದ ಎಣ್ಣೆ ಮೆಲ್ಲನೆ ಮೇಲೆದ್ದು ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಆ ಗೆರೆ ತಾನಾಗಿ ಮೂಡುತ್ತ ಬರುವುದನ್ನು ನೋಡುವುದೇ ಒಂದು ಸೋಜಿಗ. ಬಾಗಿಲಲ್ಲೋ ಕಾಲಿನಲ್ಲೋ ಬಿರುಕಿದ್ದರೆ ಮೈ ಕಾಸಿಕೊಂಡು ಹಿತ್ತಾಳೆಯಲ್ಲೋ ನಿಕ್ಕಲ್ ಕಡ್ಡಿಯಲ್ಲೋ ಬೆಸೆಯಬಹುದು. ಬೆಂಕಿ ಕೂರುವ ತೊಟ್ಟಿಯಲ್ಲೇ ಇದ್ದರೆ ಬೆಸುಗೆ ಬಹಳ ದಿನ ನಿಲ್ಲುವುದಿಲ್ಲ.

ಜಾಳಿಗೆ ಮಾತ್ರ ಸುಟ್ಟು, ಬಾಗಿ, ಹಲ್ಲುದುರಿದಂತೆಯೇ ಸಿಗುವುದು. ಅದನ್ನು ನೋಡಿ ಒಳ್ಳೆಯ ಶೇಗಡಿಯನ್ನು ಬಿಟ್ಟುಬರಬೇಡಿ. ಕೆಂಡದ ನಡುವೆ ಕೂತು ಸಾಯುವುದಕ್ಕೆಂದೇ ಜಾಳಿಗೆಯನ್ನು ಮಾಡಿರುತ್ತಾರೆ. ಬೀಡನ್ನು ಮತ್ತೆ ಮತ್ತೆ ಕೆಂಪಗೆ ಕಾಸಿದರೆ ಅದು ಊದುತ್ತ, ಪುಡಿಯಾಗುತ್ತ ಹೋಗುತ್ತದೆ. ಹೊಸದನ್ನು ಎರಕ ಹೊಯ್ಯಿಸಲು ಬೆಳಗಾವಿಗಿಂತ ಅನುಕೂಲದ ಊರು ಕರ್ನಾಟಕದಲ್ಲಿ ವಿರಳ.

ಟಿಳಕವಾಡಿ ದಾಟಿ ಖಾನಾಪುರ ರಸ್ತೆ ಹಿಡಿದರೆ ಉದ್ಯಮಬಾಗ. ಬೆಳಗಾವಿಯ ಫೌಂಡ್ರಿಗಳ ಬೀಡು ಇದು, ಮುಂದೆ ಮಚ್ಛೆಯವರೆಗೂ ಚಾಚಿದೆ. ಇಲ್ಲಿ ಪಂಪಿನ ಮೈ, ವಾಲ್ವು, ವಾಹನದ ಬಿಡಿಭಾಗಗಳು ದಿನವೂ ಅಚ್ಚಿನಿಂದ ಏಳುತ್ತವೆ. ಊರಿಗೆ ಎರಕದ ಹುಚ್ಚು ಹಳೆಯದು. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು, ಆಮೇಲೆ ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರಗಳಿಗೆ ಕೈಹಾಕಿದರು. 1910ರಲ್ಲಿ ಇಲ್ಲಿಂದ ಹೊರಟು ಕಿರ್ಲೋಸ್ಕರವಾಡಿ ಕಟ್ಟಿದರು. ಬೆಳಗಾವಿಯಲ್ಲಿ ಅವರ ಹೆಸರಿನ ರಸ್ತೆ ಇಂದಿಗೂ ಇದೆ.

ದೊಡ್ಡ ಫೌಂಡ್ರಿಯವರು ಒಂದು ಜಾಳಿಗೆಗಾಗಿ ಬಾಗಿಲು ತೆರೆಯುವುದಿಲ್ಲ. ಒಳರಸ್ತೆಯ ಸಣ್ಣ ಶೆಡ್ಡು ಹುಡುಕಬೇಕು. ತಗಡಿನ ಮಾಡಿನ ಕೆಳಗೆ ಕಪ್ಪು ಮರಳಿನ ದಿಬ್ಬಗಳು. ಮರಳಿಗೆ ಬೆಂಟೊನೈಟ್ ಜೇಡಿ, ನೀರು, ಒಂದಿಷ್ಟು ಕಲ್ಲಿದ್ದಲಿನ ಪುಡಿ ಬೆರೆತಿರುತ್ತದೆ. ಕಾದ ಬೀಡು ತಾಗಿದಾಗ ಆ ಪುಡಿ ಸುಟ್ಟು ಅನಿಲದ ತೆಳು ಪರದೆ ಹಬ್ಬಿ ಎರಕದ ಮೈ ನುಣುಪಾಗುತ್ತದೆ. ಮೋಲ್ಡರ್ ಮುಷ್ಟಿಯಲ್ಲಿ ಮರಳು ಹಿಡಿದು ಒತ್ತಿ, ಮುರಿದು, ಮುರಿದ ಅಂಚು ಚೂಪಾಗಿ ನಿಂತರೆ ತಲೆಯಾಡಿಸುತ್ತಾನೆ. ಹಳೆಯ ಜಾಳಿಗೆಯನ್ನೇ ಮರಳಿನಲ್ಲಿ ಒತ್ತಿ ಹೊಯ್ದರಾಯಿತಲ್ಲ ಎಂದರೆ ಅವನು ಒಪ್ಪುವುದಿಲ್ಲ. ಬೀಡು ಗಟ್ಟಿಯಾಗಿ ಆರುವಾಗ ಒಂದಡಿ ಉದ್ದಕ್ಕೆ ಸುಮಾರು ಮೂರು ಮಿಲಿಮೀಟರಿನಷ್ಟು ಕುಗ್ಗುತ್ತದೆ. ಹಳೆಯದರ ಅಚ್ಚಿನಲ್ಲಿ ಹೊಯ್ದದ್ದು ಹಳೆಯದಕ್ಕಿಂತ ಸಣ್ಣದಾಗಿ, ತೊಟ್ಟಿಯ ಅಂಚಿನಲ್ಲಿ ಕೂರದೆ ಕೆಳಗೆ ಜಾರುತ್ತದೆ. ಆದ್ದರಿಂದ ಆ ಕುಗ್ಗುವಿಕೆಯನ್ನು ಸೇರಿಸಿ ಮರದಲ್ಲಿ ಪ್ಯಾಟರ್ನ್ ಮಾಡಿಸಬೇಕು. ಕಡ್ಡಿಗಳಿಗೆ ಮೇಲೆ ಅಗಲ, ಕೆಳಗೆ ಕಿರಿದಾಗುವಂತೆ ಇಳಿಜಾರು ಕೊಡಬೇಕು. ಮರಳಿನಿಂದ ಪ್ಯಾಟರ್ನ್ ಹರಿಯದೆ ಮೇಲೇಳಲು ಅದು ಬೇಕು. ನಾಳೆ ಬೂದಿ ಸಂದಿಯಲ್ಲಿ ಸಿಕ್ಕಿಕೊಳ್ಳದೆ ಉದುರಲೂ ಅದೇ ಬೇಕು. ಒಂದೇ ಇಳಿಜಾರು ಎರಡು ಕೆಲಸ ಮಾಡುತ್ತದೆ.

ಎರಕ ಹೊಯ್ಯುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. 1,350 ಡಿಗ್ರಿಯ ಆಚೀಚೆಯ ಬೀಡು ಲ್ಯಾಡಲ್‌ನಲ್ಲಿ ಕಿತ್ತಳೆ ಬಣ್ಣಕ್ಕೆ ತುಳುಕುತ್ತ ಬರುತ್ತದೆ. ಪಂಪಿನ ಅಚ್ಚಿನ ಡಬ್ಬಿಗಳೆಲ್ಲ ತುಂಬಿದ ಮೇಲೆ ಉಳಿದ ಬೀಡನ್ನು ನಮ್ಮ ಜಾಳಿಗೆಯ ಡಬ್ಬಿಗೆ ಹೊಯ್ಯುತ್ತಾರೆ. ಮರಳಿನ ಸಂದಿಗಳಿಂದ ನೀಲಿ ಜ್ವಾಲೆ ನಾಲಿಗೆ ಚಾಚಿ ಆರುತ್ತದೆ. ಮರುದಿನ ಡಬ್ಬಿ ಒಡೆದು, ಕುಟ್ಟಿ ಮರಳು ಉದುರಿಸಿದರೆ ಬೂದುಬಣ್ಣದ ಹೊಸ ಜಾಳಿಗೆ.

ಉದ್ಯಮಬಾಗ ಬಿಟ್ಟು ಪೀರನವಾಡಿ, ಮಚ್ಛೆ, ದೇಸೂರು ದಾಟುತ್ತಿದ್ದಂತೆ ಮಣ್ಣಿನ ಬಣ್ಣ ತಿರುಗುತ್ತದೆ. ಖಾನಾಪುರದ ಹತ್ತಿರ ಹಂಚಿನ ಭಟ್ಟಿಗಳು, ಇಟ್ಟಿಗೆಯ ಗೂಡುಗಳು, ಮಡಕೆಗಳ ಸಾಲು. ಇಲ್ಲಿನ ಕೆಂಪು ಜೇಡಿಗೆ ಹೆಸರಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಭಾರಿಕೆ ಸಂಸ್ಥೆ ಈ ಊರಿನಲ್ಲಿ ಇರುವುದು ಸುಮ್ಮನೆ ಅಲ್ಲ. ಬೀಡಿನ ಶೇಗಡಿಯ ತೊಟ್ಟಿಗೆ ಒಳಮೈ ಮೆತ್ತಲು ಬೇಕಾದ್ದು ಇಲ್ಲಿ ಸಿಗುತ್ತದೆ. ಬರೀ ಜೇಡಿ ಮೆತ್ತಿದರೆ ಒಣಗುವಾಗಲೇ ಹೊಲದಂತೆ ಬಾಯಿಬಿಡುವುದನ್ನು ಕುಂಬಾರರು ಚೆನ್ನಾಗಿ ಬಲ್ಲರು. ಅವರು ಒಡೆದ ಮಡಕೆಯ ಬೋಕಿಗಳನ್ನು ಕುಟ್ಟಿ, ಜರಡಿ ಹಿಡಿದು, ಆ ಪುಡಿಯನ್ನು ಜೇಡಿಗೆ ಬೆರೆಸುತ್ತಾರೆ. ಒಮ್ಮೆ ಬೆಂಕಿ ಕಂಡ ಮಣ್ಣು ಮತ್ತೆ ಕುಗ್ಗುವುದಿಲ್ಲ, ಸುತ್ತಲಿನ ಹಸಿಮಣ್ಣನ್ನೂ ಹಿಡಿದು ನಿಲ್ಲಿಸುತ್ತದೆ. ಜೊತೆಗೆ ಒಂದಿಷ್ಟು ಭತ್ತದ ಹೊಟ್ಟು. ಅದು ಸುಟ್ಟುಹೋದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿದು ಶಾಖವನ್ನು ಬೀಡಿನವರೆಗೆ ಬಿಡದೆ ತಡೆಯುತ್ತದೆ. ತೊಟ್ಟಿಯ ಅಂಚಿನಲ್ಲಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸುತ್ತ ಹೋಗುವ ಕುಂಬಾರ್ತಿಯ ಕೈ ಎಲ್ಲೂ ನಿಲ್ಲುವುದಿಲ್ಲ. ಸುತ್ತು ಮುಗಿಯುವ ಹೊತ್ತಿಗೆ ಎಲ್ಲ ಕಡೆ ಒಂದೇ ದಪ್ಪ. "ನೆಳ್ಳಾಗ ಒಣಗಸ್ರಿ, ಬಿಸಲಾಗ ಇಡಬ್ಯಾಡ್ರಿ" ಎಂದು ಎರಡು ಸಲ ಹೇಳಿ ಕಳಿಸುತ್ತಾಳೆ.

ತೊಟ್ಟಿಯ ಮಣ್ಣು ಒಣಗುವಷ್ಟರಲ್ಲಿ ಉರುವಲಿನ ಮಾತೂ ತೀರ್ಮಾನವಾಗಬೇಕು. ಇದ್ದಿಲು ಸಲೀಸಾಗಿ ಹೊತ್ತಿ ಹೊಗೆ ಕಡಿಮೆ ಬಿಡುತ್ತದೆ. ಕಲ್ಲಿದ್ದಲಿಗೆ ಅಡಿಯಿಂದ ಜೋರು ಗಾಳಿ, ದಪ್ಪ ಹಾಸು, ಎತ್ತರದ ಹೊಗೆಗೊಳವೆ ಮೂರೂ ಬೇಕು. ಜೊತೆಗೆ ಗಂಧಕದ ಘಾಟು, ಬೆಳಗಾವಿಯ ಒತ್ತೊತ್ತಾದ ಗಲ್ಲಿಯಲ್ಲಿ ನೆರೆಯವರಿಗೆ ತ್ರಾಸ. ನನ್ನ ಮಟ್ಟಿಗೆ ಮನೆಯ ಶೇಗಡಿಗೆ ಇದ್ದಿಲೇ ಸೈ. ಖಾನಾಪುರದ ಕಡೆ ಗೇರು ಬೆಳೆ ಇರುವುದರಿಂದ ಗೇರುಬೀಜದ ಸಿಪ್ಪೆ ಅಗ್ಗವಾಗಿ ಸಿಕ್ಕೀತು. ಅದನ್ನು ಮನೆಯೊಳಗೆ ತರಬೇಡಿ. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಹೊಗೆ ಕಣ್ಣು ಗಂಟಲನ್ನು ಹಿಂಡುತ್ತದೆ.

ಹೊಗೆ ಕಾಣದಿದ್ದರೆ ಅಪಾಯವಿಲ್ಲ ಎಂಬ ನಂಬಿಕೆಯೇ ಜೀವ ತೆಗೆಯುವುದು. ಕೆಂಪಗೆ ನಿಗಿನಿಗಿ ಉರಿಯುವ ಇದ್ದಿಲಿನಿಂದ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಏಳುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು, ಅಷ್ಟೇ ಸೂಚನೆ. ಮಲಗಿದವರಿಗೆ ಅದೂ ಗೊತ್ತಾಗುವುದಿಲ್ಲ. 2025ರ ನವೆಂಬರಿನಲ್ಲಿ ಇದೇ ಬೆಳಗಾವಿಯಲ್ಲಿ ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹೊತ್ತಿಸಿ ಮಲಗಿದ ಮೂವರು ಯುವಕರು ಮತ್ತೆ ಏಳಲಿಲ್ಲ. ಹಳೆಯ ಮನೆಗಳಲ್ಲಿ ಹಂಚಿನ ಸಂದಿ, ಬೆಳಕಿಂಡಿ, ಸರಿಯಾಗಿ ಕೂರದ ಬಾಗಿಲು ಇವು ಬಾಣಂತಿ-ಕೂಸುಗಳನ್ನು ತಕ್ಕಮಟ್ಟಿಗೆ ಕಾಯ್ದವು. ಸ್ಲ್ಯಾಬಿನ ಮಾಡು, ಗಾಜು ಸರಿಸಿ ಮುಚ್ಚುವ ಕಿಟಕಿಯ ಈಗಿನ ಕೋಣೆಯಲ್ಲಿ ಅಜ್ಜಿಯ ಶೇಗಡಿಯನ್ನು ಅಜ್ಜಿಯಂತೆ ಇಡಲಾಗದು. ಹೊಗೆಗೊಳವೆ ಇಲ್ಲದ ಶೇಗಡಿಯ ಜಾಗ ಅಂಗಳ, ಪಡಸಾಲೆ. ಕೊಳವೆ ಇದ್ದರೂ ಬೆಂಕಿ ಇರುವಾಗ ಕಿಟಕಿ ತೆರೆದಿರಬೇಕು, ಮಲಗುವ ಮುಂಚೆ ಕೆಂಡ ಹೊರಗೆ ಹೋಗಬೇಕು. ಇದರಲ್ಲಿ ರಾಜಿ ಇಲ್ಲ.

ಶೇಗಡಿಯ ಹೊಗೆಗೊಳವೆಯ ಮೊದಲ ತುಂಡಿಗೆ ಸತುವು ಲೇಪಿಸಿದ ತಗಡು ಬೇಡ. ಸತುವು 420 ಡಿಗ್ರಿಗೆ ಕರಗುತ್ತದೆ, ಅದರ ಹೊಗೆ ಒಳ್ಳೆಯದಲ್ಲ. ಲೇಪವಿಲ್ಲದ ಕಪ್ಪು ಉಕ್ಕಿನ ತಗಡು ಸಾಕು. ಖಾನಾಪುರದ ಹಂಚಿನ ಮನೆಯಾದರೆ ಕೊಳವೆ ಮಾಡಿನ ನೆತ್ತಿಗಿಂತ ಮೇಲೆ ಏಳಬೇಕು, ಜಂತಿ ಪಕಾಸಿಗಳಿಂದ ದೂರ ಹಾಯಬೇಕು, ತುದಿಗೆ ಮಳೆಟೋಪಿ ಇರಬೇಕು.

ಹೊಸ ಮಣ್ಣು ಮೆತ್ತಿದ ಶೇಗಡಿಗೆ ಮೊದಲ ದಿನವೇ ಪೂರ್ತಿ ಕೆಂಡ ತುಂಬುವ ಆಸೆ ಯಾರಿಗೂ ಆಗುತ್ತದೆ. ತಡೆದುಕೊಳ್ಳಬೇಕು. ಮೊದಲು ನಾಲ್ಕು ಚಕ್ಕೆ, ಮಣ್ಣಿನಿಂದ ಉಗಿ ಏಳುವುದು ನಿಂತಮೇಲೆ ಒಂದು ಹಿಡಿ ಇದ್ದಿಲು, ಮರುದಿನ ಇನ್ನಷ್ಟು. ಬೂದಿಬಾಗಿಲ ಬಳಿ ಊದಿನಕಡ್ಡಿ ಹಿಡಿದು ನೋಡಿ: ಹೊಗೆ ಒಳಕ್ಕೆ ಎಳೆದುಕೊಂಡರೆ ಕೊಳವೆ ಉಸಿರಾಡುತ್ತಿದೆ, ಹೊರಕ್ಕೆ ಹೊರಳಿದರೆ ಬೆಂಕಿ ಆರಿಸಿ ಕೊಳವೆಯನ್ನು ಇನ್ನೆರಡು ಅಡಿ ಎತ್ತರಿಸಬೇಕು. ಬಂಬಕ್ಕೂ ಇದೇ ಪರೀಕ್ಷೆ ಸಾಕು. ಸ್ನಾನದ ನೀರಿಗಷ್ಟೇ ಬಳಸುವುದಾದರೆ ಕಲಾಯಿ ಬೇಕಿಲ್ಲ, ಕುಡಿಯುವ ನೀರಿಗೂ ಬಳಸುವವರು ಮಾತ್ರ ನವಸಾಗರ, ತವರ ಹಿಡಿದು ಬರುವ ಕಲಾಯಿಯವನನ್ನು ಕರೆಸಿಕೊಳ್ಳಬೇಕು.

ಫೌಂಡ್ರಿಯಿಂದ ಬರುವಾಗ ಜಾಳಿಗೆಯ ಜೊತೆ ಆ ಮರದ ಪ್ಯಾಟರ್ನನ್ನೂ ಕೇಳಿ ತನ್ನಿ, ಹಿಂಬದಿಯಲ್ಲಿ ಶೇಗಡಿಯ ಅಳತೆ ಬರೆದು ಅಟ್ಟದ ಮೇಲಿಡಿ. ಈ ಜಾಳಿಗೆಯೂ ಕೆಲವು ಚಳಿಗಾಲದಲ್ಲಿ ಬಾಗುತ್ತದೆ. ಆಗ ಉದ್ಯಮಬಾಗದ ಅದೇ ಶೆಡ್ಡಿಗೆ ಹೋಗಿ ಇನ್ನೊಂದು ಹೊಯ್ಯಿಸಿಕೊಂಡು ಬಂದರಾಯಿತು.